ಸಚಿವರ ಆರು ನಿಮಿಷದ ನಿದ್ದೆ

ಕಚೇರಿಗಳ ಗೋಡೆಗೆ ತೂಗುಹಾಕುವ ಭಾವಚಿತ್ರ ಬೇಕೆಂದರೆ ಇಪ್ಪತ್ತೆರಡು ವರ್ಷಗಳಿಂದ ಫೋಟೋ ಅಕ್ಕನಿಗೇ ಕರೆ ಹೋಗುತ್ತಿತ್ತು. ಅಪ್ಪನ ಸ್ಟುಡಿಯೋವನ್ನೂ ಅಪ್ಪನ ಮಿತಮಾತನ್ನೂ ಒಟ್ಟಿಗೇ ಪಡೆದವಳು ಆಕೆ. ಎಂಥ ಬಿಗುಮಾನದವರನ್ನೂ ಕುರ್ಚಿಯಲ್ಲಿ ಕೂರಿಸಿ, ಕಾಲರ್ ಸರಿಮಾಡಿ, ಗಲ್ಲ ಹಿಡಿದು ಮುಖವನ್ನು ಬೆಳಕಿನತ್ತ ಒಂದಿಷ್ಟು ತಿರುಗಿಸುವಳು. ಅಷ್ಟಕ್ಕೇ ಅವರು ಮೆತ್ತಗಾಗುತ್ತಿದ್ದರು.

ಸೋಂಕು ಬಂದ ಮೇಲೆ ಆ ಕೈಗಳಿಗೆ ಬೇರೆಯದೇ ಕೆಲಸ ಬಿತ್ತು. ತೀರಿಹೋದವರ ಒಳ್ಳೆಯ ಫೋಟೋ ಯಾರ ಮನೆಯಲ್ಲೂ ಇರುತ್ತಿರಲಿಲ್ಲ. ಮದುವೆಯ ಗುಂಪಿನಿಂದ ಒಂದು ಮುಖ ಕತ್ತರಿಸಿ, ಪಕ್ಕದವರ ಹೆಗಲು ಅಳಿಸಿ, ದೊಡ್ಡದು ಮಾಡಿಕೊಡಬೇಕು. ಎರಡು ತಿಂಗಳಿಂದ ಅದೇ. ಕಣ್ಣು ಉರಿಯುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು, ಯಾರು ಮಾತಾಡಿಸಿದರೂ ಹೂಂಗುಟ್ಟುವಷ್ಟೇ ತ್ರಾಣ.

ಅಂಥದ್ದರಲ್ಲಿ ಫೋನು ಬಂತು. ಆರೋಗ್ಯ ಖಾತೆಗೆ ಹೊಸ ಸಚಿವರು ಬಂದಿದ್ದಾರೆ, ಚಿತ್ರ ತೆಗೆಯಬೇಕು. ಆಪ್ತ ಕಾರ್ಯದರ್ಶಿ ನಿಯಮಗಳನ್ನು ಓದಿ ಹೇಳಿದ: ಕೋಣೆಯಲ್ಲಿ ಇಬ್ಬರೇ, ನಡುವೆ ಹತ್ತು ಅಡಿ, ಕಿಟಕಿಗಳೆಲ್ಲ ತೆರೆದಿರಬೇಕು, ಸಚಿವರು ಮಾಸ್ಕ್ ತೆಗೆಯುವುದು ಹತ್ತೇ ನಿಮಿಷ, ಮುಟ್ಟುವಂತಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ ಇದ್ದಾಳೆ, ಬರಲಾರೆ ಅನ್ನಬೇಕೆಂದಿದ್ದಳು. ಬದುಕಿರುವ ಒಂದು ಮುಖ ನೋಡುವ ಆಸೆಗೆ ಒಪ್ಪಿಕೊಂಡಳು.

ಸಚಿವರ ಕಚೇರಿಯ ಬಾಗಿಲಲ್ಲಿ ಜ್ವರ ನೋಡಿದರು, ಕ್ಯಾಮೆರಾದ ಚೀಲಕ್ಕೂ ಔಷಧಿ ಸಿಂಪಡಿಸಿದರು. ಅವಳು ನಿಲ್ಲಬೇಕಾದ ಜಾಗಕ್ಕೆ ನೆಲದ ಮೇಲೆ ಟೇಪು ಅಂಟಿಸಿದ್ದರು. ಸಚಿವರು ಫೋನಿನಲ್ಲಿ ಯಾವುದೋ ಆಸ್ಪತ್ರೆಗೆ ಹಾಸಿಗೆ ಖಾಲಿ ಇದೆಯೇ ಎಂದು ಕೇಳುತ್ತಲೇ ಬಂದು ಕೂತು ಮಾಸ್ಕ್ ತೆಗೆದರು. ಮೂಗಿನ ಮೇಲೆ, ಕೆನ್ನೆಯ ಮೇಲೆ ಅದರ ಅಚ್ಚು ಬಿದ್ದಿತ್ತು. ಕಾಲರಿನ ಒಂದು ಮಗ್ಗುಲು ಮಡಚಿಕೊಂಡಿತ್ತು. ಅಕ್ಕನ ಕೈ ತಾನಾಗಿ ಮುಂದೆ ಹೋಯಿತು, ಟೇಪು ಕಂಡು ಹಿಂದೆ ಬಂತು. ಕಾಲರ್ ಸರಿಮಾಡಿಕೊಳ್ಳಿ ಎಂದಳು. ಎರಡೆರಡು ಮಾಸ್ಕಿನೊಳಗಿನ ಆ ಮಾತು ಅವರಿಗೆ ಕೇಳಿಸಲಿಲ್ಲ.

ಬೆಳಕು ಹೊಂದಿಸಲು ಬಗ್ಗಿದವಳು ಏಳುವಷ್ಟರಲ್ಲಿ ಸಚಿವರಿಗೆ ನಿದ್ದೆ ಹತ್ತಿತ್ತು. ಕೂತಲ್ಲೇ, ಬಾಯಿ ಅರೆ ತೆರೆದು.

ಕ್ಲಿಕ್ಕಿಸಿದ್ದರೆ ಆ ಚಿತ್ರ ಮರುದಿನ ಎಲ್ಲ ಪತ್ರಿಕೆಗಳಲ್ಲೂ ಇರುತ್ತಿತ್ತು. ಅದು ಅವಳಿಗೂ ಹೊಳೆಯಿತು. ಲೆನ್ಸಿಗೆ ಮುಚ್ಚಳ ಹಾಕಿ, ಗೋಡೆಗೊರಗಿ ನೆಲದ ಮೇಲೇ ಕೂತಳು. ಉಸಿರಿಗೆ ಏರಿಳಿಯುವ ಎದೆಯನ್ನು ನೋಡುತ್ತಾ ಆರು ನಿಮಿಷ ಕಳೆದಳು. ಆಮೇಲೆ ಎದ್ದು ಗಟ್ಟಿಯಾಗಿ ಕೆಮ್ಮಿದಳು. ಆ ದಿನಗಳಲ್ಲಿ ಕೆಮ್ಮು ಕೇಳಿಯೂ ಏಳದವರು ಯಾರಿದ್ದರು?

ಸಚಿವರು ಬೆಚ್ಚಿ ಕಣ್ಣುಬಿಟ್ಟರು.

"ಎಷ್ಟೊತ್ತಾಯ್ತಮ್ಮ?"

"ಇನ್ನೂ ಮೂರು ನಿಮಿಷ ಇದೆ ಸರ್."

"ಎಬ್ಬಿಸೋದಲ್ವಾ?"

"ಮನಸ್ಸು ಬರಲಿಲ್ಲ."

ಅವರು ನಗಲಿಲ್ಲ. ಹೆಗಲು ಮಾತ್ರ ಇಳಿಯಿತು, ನೆಟ್ಟಗೆ ಅವಳನ್ನೇ ನೋಡಿದರು. ನಾಲ್ಕು ಚಿತ್ರ ತೆಗೆದಳು. ನಾಲ್ಕೂ ಚೆನ್ನಾಗಿ ಬಂದಿವೆಯೆಂದು ಅವಳಿಗೆ ನೋಡದೆಯೇ ಗೊತ್ತಿತ್ತು.

ಕಾರ್ಯದರ್ಶಿಗೆ ಹಿಡಿಸಲಿಲ್ಲ. ಕಣ್ಣು ಕೆಂಪಗಿವೆ, ಜನ ಹೆದರುತ್ತಾರೆ ಎಂದು ಚುನಾವಣೆಯ ಹಳೆಯ ನಗುಮುಖವನ್ನೇ ಕಚೇರಿಗಳಿಗೆ ಕಳಿಸಿದ. ಅಕ್ಕ ವಾದಿಸಲಿಲ್ಲ, ವಾದಕ್ಕೂ ಕಸುವು ಬೇಕಲ್ಲ.

ಮನೆಗೆ ಬಂದು ಹಿತ್ತಿಲಲ್ಲೇ ಸ್ನಾನ ಮುಗಿಸಿ, ಅಮ್ಮನ ಕೋಣೆಯ ಹೊಸ್ತಿಲಲ್ಲಿ ನಿಂತಳು. ದೊಡ್ಡ ಮನುಷ್ಯರು ಹೇಗಿದ್ದರು ಎಂದು ಅಮ್ಮ ಕೇಳಿದಳು.

"ಗೊರಕೆ ಹೊಡೀತಾರೆ," ಅಂದಳು ಅಕ್ಕ.

ಅಮ್ಮನ ಹೊಟ್ಟೆ ನಗುವಿಗೆ ಸದ್ದಿಲ್ಲದೆ ಕುಲುಕಿತು. "ಪಾಪ. ನೀನು ಎರಡು ತುತ್ತು ಉಣ್ಣು ಹೋಗು."

ಅಕ್ಕ ಅಡುಗೆಮನೆಗೆ ಹೋಗಿ, ನಿಂತುಕೊಂಡೇ ಉಂಡಳು.