ತಾರೀಖು ಬರೆಯದೆ ಬಿಟ್ಟ ಫೋಟೋ

ಚಾಮರಾಜನಗರದಲ್ಲಿ ಫೋಟೋಗೆ ಕಟ್ಟು ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಗಿರಾಕಿ ತಂದ ಫೋಟೋ ನೋಡಿ ಅಳುವವನು ಗುರುಮಲ್ಲಯ್ಯ ಒಬ್ಬನೇ. ಯಾರದೋ ತಾತನ ಫೋಟೋ ಕೈಗೆ ಬಂದರೆ ಸಾಕು, "ಎಂಥಾ ಕಳೆ ಇತ್ತಪ್ಪ ಮೊಕ್ದಲ್ಲಿ" ಎಂದು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಾನೆ. ನಾನು ಲೆಕ್ಕದ ಮೇಷ್ಟ್ರಾಗಿ ರಿಟೈರಾದವನು, ಇಂಥ ಅಳುಮುಂಜಿತನ ನನಗೆ ಆಗಿಬರುವುದಿಲ್ಲ. ಆದರೂ ದಿನಾ ಸಂಜೆ ಅವನ ಅಂಗಡಿಯ ಬೆಂಚಿನ ಮೇಲೆಯೇ ಕೂರುತ್ತೇನೆ. ಅವನ ಹೆಂಡತಿ ಚಿಕ್ಕಮಲ್ಲಮ್ಮ ಫ್ಲಾಸ್ಕಿನಲ್ಲಿ ತರುವ ಕಾಫಿ ನಮ್ಮ ಮನೆಯದಕ್ಕಿಂತ ಚೆನ್ನಾಗಿರುತ್ತದೆ, ಅಷ್ಟೇ ಕಾರಣ.

ಉಡಿಗಾಲ ಎಂಬ ಹಳ್ಳಿಯಲ್ಲಿ ಏಳನೇ ಕ್ಲಾಸಿಗೇ ಓದು ಬಿಟ್ಟು ಬಂದ ಈ ಮನುಷ್ಯನಿಗೆ ಒಂದೇ ಒಂದು ಹುಚ್ಚು. ರಾಕೆಟ್ಟು, ಗ್ರಹ, ಬೇರೆ ಲೋಕ ಇರುವ ಕಾದಂಬರಿ ಓದುವುದು. ಅದರಲ್ಲೂ ಸುಧಾಕರ್ ಬರೆದದ್ದಾದರೆ ಊಟ ಬೇಡ. ಸುಧಾಕರ್ ಮೂಲತಃ ಗುಂಡ್ಲುಪೇಟೆಯವರು, ನಮ್ಮ ಪೈಕಿಯೇ. ಬೆಂಗಳೂರಿಗೆ ಹೋಗಿ ವೈಜ್ಞಾನಿಕ ಕಾದಂಬರಿ ಬರೆದು ರಾಜ್ಯಕ್ಕೆಲ್ಲ ಹೆಸರಾದವರು. ಅವರ ಧಾರಾವಾಹಿ ವಾರಪತ್ರಿಕೆಯಲ್ಲಿ ಬರುತ್ತಿದ್ದಾಗ ಗುರುವಾರ ಸಂಜೆ ಅಂಗಡಿಯಲ್ಲಿ ಕೆಲಸ ನಿಂತುಬಿಡುತ್ತಿತ್ತು. ಅವನು ಗಟ್ಟಿಯಾಗಿ ಓದುವನು. ಅಕ್ಷರ ಬಾರದ ಚಿಕ್ಕಮಲ್ಲಮ್ಮ ಕಟ್ಟಿನ ಹಿಂಬದಿಗೆ ಕಾಗದ ಅಂಟಿಸುತ್ತಾ ಕೇಳುವಳು.

ಕಥೆಯಲ್ಲಿ ಚಂದಕವಾಡಿಯ ಸಿಂಧು ಎಂಬ ಹುಡುಗಿ ಶನಿಗ್ರಹದ ಹತ್ತಿರಕ್ಕೆ ಒಬ್ಬಳೇ ಹೋಗಿ ಸಿಕ್ಕಿಬೀಳುತ್ತಾಳೆ. ಇಂಧನ ಮುಗಿಯುತ್ತಾ ಬಂದಿರುತ್ತದೆ. ಉಳಿದ ಇಂಧನದಲ್ಲಿ ಅವಳು ವಾಪಸು ಬರುವುದು ಸಾಧ್ಯವೇ ಇಲ್ಲ ಎಂದು ನಾನು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದ್ದೆ. "ನಿಮ್ ಲೆಕ್ಕ ನಿಮ್ ಸ್ಕೂಲಲ್ಲಿ ಮಡೀಕಳಿ ಮೇಷ್ಟ್ರೇ" ಎಂದು ಚಿಕ್ಕಮಲ್ಲಮ್ಮ ಆ ಸಂಜೆ ನನಗೆ ಕಾಫಿ ಕೊಡಲಿಲ್ಲ. ಅವಳ ತವರು ಚಂದಕವಾಡಿ. ಸಿಂಧು ಅವಳಿಗೆ ಊರಿನ ಹೆಣ್ಣುಮಗಳು.

ಅಷ್ಟರಲ್ಲಿ ಧಾರಾವಾಹಿ ನಿಂತಿತು. ಲೇಖಕರಿಗೆ ಅನಾರೋಗ್ಯ ಎಂದು ಪತ್ರಿಕೆಯವರು ಎರಡು ಸಾಲು ಹಾಕಿ ಕೈತೊಳೆದುಕೊಂಡರು. ವರ್ಷ ಕಳೆಯಿತು, ಇನ್ನೊಂದು ವರ್ಷವೂ ಕಳೆಯುತ್ತಾ ಬಂತು. ಗುರುವಾರ ಬಂದರೆ ಚಿಕ್ಕಮಲ್ಲಮ್ಮ ಕೇಳುವಳು, "ಆ ಮಗು ಬಂದ್ಲಾ?" ಗಂಡ ಇಲ್ಲವೆಂದು ತಲೆಯಾಡಿಸುವನು.

ಹೀಗಿರುವಾಗ ಕಾಲೇಜಿನ ಕನ್ನಡ ಲೆಕ್ಚರರ್ ಸೋಮಶೇಖರ್ ಒಂದು ಮಧ್ಯಾಹ್ನ ಓಡುತ್ತಾ ಬಂದು, ಸುಧಾಕರ್ ಅವರ ದೊಡ್ಡ ಫೋಟೋ ಕೊಟ್ಟು, "ನಾಳೆಗೇ ಬೇಕು. ಹೆಸರು, ಹುಟ್ಟಿದ ವರ್ಷ ಬರೆದು ಲಕ್ಷಣವಾಗಿ ಮಾಡಿಕೊಡಿ" ಎಂದು ಬಂದ ಹಾಗೆಯೇ ಓಡಿದರು.

ಕಟ್ಟು ಹಾಕುವವರಿಗೆ ಒಂದು ಲೆಕ್ಕಾಚಾರ ಇರುತ್ತದೆ. ಜೋಡಿ ಫೋಟೋ ಅಂದರೆ ಮದುವೆ. ಗುಂಪಿನ ಫೋಟೋ ಅಂದರೆ ಆಫೀಸಿನಲ್ಲಿ ಯಾರಿಗೋ ವರ್ಗವಾಗಿದೆ. ಒಂಟಿ ಮುಖ, ದೊಡ್ಡ ಸೈಜು, ನಾಳೆಗೇ ಬೇಕು ಅಂದರೆ ಶಿವಗಣಾರಾಧನೆ, ಅಂದರೆ ಸತ್ತವರ ಕಾರ್ಯ. ಯಾವತ್ತು ಹೋದರು ಎಂದು ದುಃಖದಲ್ಲಿರುವವರನ್ನು ಕೇಳಬಾರದು. ತೆಗೆದುಕೊಂಡು ಹೋಗಲು ಬಂದಾಗ ಅವರೇ ಹೇಳುತ್ತಾರೆ, ಆಗ ನಿಂತ ನಿಲುವಿನಲ್ಲಿ ತಾರೀಖು ಬರೆದರಾಯಿತು. ಗುರುಮಲ್ಲಯ್ಯ ಇಷ್ಟು ವರ್ಷ ಹೀಗೆಯೇ ನಡೆಸಿಕೊಂಡು ಬಂದಿದ್ದ, ಒಮ್ಮೆಯೂ ಎಡವಟ್ಟಾಗಿರಲಿಲ್ಲ.

ಸಂಜೆ ನಾನು ಹೋದಾಗ ಅವನು ಬ್ರಷ್ಷು ಹಿಡಿದು ಬಿಕ್ಕುತ್ತಿದ್ದ.

"ನಮ್ ಸುಧಾಕರ್ ಸಾರು ಓಗ್ಬುಟ್ರು ಮೇಷ್ಟ್ರೇ."

"ಪೇಪರಿನಲ್ಲಿ ಬಂದಿಲ್ಲವಲ್ಲಯ್ಯ" ಎಂದೆ.

"ಬರಿಯೋರ್ ಸತ್ರೆ ಯಾವ್ ಪೇಪರ್ನೋರು ಆಕ್ತಾರೆ ಬುಡಿ. ಸಿನಿಮಾದೋರಾದ್ರೆ ಆಕೋರು."

ಅದೂ ನಿಜವೇ ಅನ್ನಿಸಿತು. ಅವನು ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದ, ಕುಂಕುಮ ಇಟ್ಟ. ಕೆಳಗೆ ಬಿಳಿ ಬಣ್ಣದಲ್ಲಿ ಜನನ ಎಂದು ಬರೆದು ವರ್ಷ ಹಾಕಿದ. ಅದರ ಕೆಳಗೆ ಲಿಂಗೈಕ್ಯ ಎಂದು ಬರೆದು ಮುಂದೆ ಜಾಗ ಬಿಟ್ಟ. ಅಂಗಡಿಯಲ್ಲಿದ್ದ ಒಳ್ಳೆಯ ಗಂಧದ ಹಾರವನ್ನು ತನ್ನ ಕಡೆಯಿಂದಲೇ ಹಾಕಿದ. ಚಿಕ್ಕಮಲ್ಲಮ್ಮ ಮೂಲೆಯಲ್ಲಿ ಕೂತಿದ್ದಳು, ಅಂದು ಫ್ಲಾಸ್ಕಿನ ಮುಚ್ಚಳವನ್ನೇ ತೆರೆಯಲಿಲ್ಲ.

ಮಾರನೆಯ ಬೆಳಿಗ್ಗೆ ಮನಸ್ಸು ತಡೆಯದೆ ಬೇಗ ಹೋದೆ. ಫೋಟೋ ರಸ್ತೆಗೆ ಮುಖ ಮಾಡಿ ಮೇಜಿನ ಮೇಲಿತ್ತು, ಮುಂದೆ ಊದುಬತ್ತಿ ಉರಿಯುತ್ತಿತ್ತು. ಅಷ್ಟು ಹೊತ್ತಿಗೆ ಗುಂಡ್ಲುಪೇಟೆ ಕಡೆಯಿಂದ ಬಂದ ಕಾರೊಂದು ನಿಂತಿತು. ಸೋಮಶೇಖರ್ ಇಳಿದರು. ಹಿಂದೆಯೇ ಬಿಳಿ ಷರಟಿನ, ಸಣಕಲು ಮೈಯ ಹಿರಿಯರೊಬ್ಬರು ಇಳಿದರು.

ಗುರುಮಲ್ಲಯ್ಯ ಕೈಮುಗಿದ. "ಬನ್ನಿ ಸಾಮಿ. ಅಣ್ಣಾವ್ರಾ, ತಮ್ಮಾವ್ರಾ? ಅದೇ ಮೊಕ. ಎಂಗಾಯ್ತು ಸಾಮಿ, ಭಾಳ ನರಳಿದ್ರಾ?"

ಹಿರಿಯರು ಫೋಟೋ ನೋಡಿದರು, ಹಾರ ನೋಡಿದರು, ಬಗ್ಗಿ ಬರಹ ಓದಿದರು.

"ನಾನೇ ಸುಧಾಕರ್" ಎಂದರು. ಆಮೇಲೆ, "ತಾರೀಖು ಹಾಕಿಲ್ಲವಲ್ಲ?"

"ಈಸ್ಕೊಳಕ್ ಬಂದೋರು ಏಳ್ತಾರೆ, ಆಗ ಬರೀತೀನಿ" ಎಂದು ಗುರುಮಲ್ಲಯ್ಯ ಅಭ್ಯಾಸಬಲದಿಂದ ಬ್ರಷ್ಷು ಎತ್ತಿಕೊಂಡು ಅಂದುಬಿಟ್ಟ. ಅಂದ ಮೇಲೆ ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ಬ್ರಷ್ಷು ಕೆಳಗೆ ಬಿತ್ತು.

"ಬುದ್ಧಿ ಇದೆಯೇನ್ರಿ ನಿಮಗೆ? ಇವತ್ತು ಇವರಿಗೆ ಸನ್ಮಾನ ಕಣ್ರಿ!" ಎಂದು ಸೋಮಶೇಖರ್ ಕೂಗಾಡತೊಡಗಿದರು. ಸುಧಾಕರ್ ಕೈಯೆತ್ತಿ ತಡೆದು, "ಇರಲಿ, ನಾನು ಶಕುನ ಗಿಕುನ ನಂಬುವವನಲ್ಲ" ಎಂದರು. ನಂಬದವರು ಎದೆ ಹಿಡಿದುಕೊಂಡು ನನ್ನ ಪಕ್ಕ ಬೆಂಚಿನ ಮೇಲೆ ಕುಸಿದು ಕೂತರು. ತುಟಿ ಒಣಗಿತ್ತು. ಫೋಟೋದ ಕಡೆ ಮತ್ತೆ ಕಣ್ಣು ಹಾಯಿಸಲಿಲ್ಲ. ಗುರುಮಲ್ಲಯ್ಯನಂತೂ ಭೂಮಿ ಬಾಯಿಬಿಟ್ಟರೆ ಇಳಿದುಹೋಗುವ ಸ್ಥಿತಿಯಲ್ಲಿದ್ದ. ಯಾರನ್ನು ದೇವರೆಂದುಕೊಂಡಿದ್ದನೋ ಅವರನ್ನೇ ತನ್ನ ಕೈಯಾರೆ ಸಾಯಿಸಿ ಊದುಬತ್ತಿ ಹಚ್ಚಿದ್ದ.

ಆಗ ಚಿಕ್ಕಮಲ್ಲಮ್ಮ ಫ್ಲಾಸ್ಕ್ ಹಿಡಿದು ಬಂದಳು. ಫೋಟೋ ನೋಡಿದಳು, ಬೆಂಚಿನ ಮೇಲಿದ್ದವರನ್ನು ನೋಡಿದಳು.

"ಅಯ್ಯೋ, ಬದುಕವ್ರೆ ಇವ್ರು!" ಎಂದು ಕೂಗಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ಅಂಗಾರೆ ಸಿಂಧು ಮನೆಗ್ ಬತ್ತಾಳಾ ಸಾಮಿ?"

ಸುಧಾಕರ್ ತಬ್ಬಿಬ್ಬಾದರು. ವಾರವಾರವೂ ಅವಳು ಕೇಳುವುದನ್ನು ಗುರುಮಲ್ಲಯ್ಯ ತೊದಲುತ್ತಾ ವಿವರಿಸಿದ.

"ಆ ಕಥೆ ಇನ್ನೂ ಯಾರಿಗೆ ಬೇಕಮ್ಮ?" ಎಂದರು ಅವರು.

"ನಂಗ್ ಬೇಕು. ನೀವ್ ಓಗ್ಬುಟ್ರೆ ಆ ಮಗೀನ ಅಲ್ಲಿಂದ ಯಾರ್ ಕರ್ಕೊಂಡ್ ಬತ್ತಾರೆ? ನಿನ್ನೆಯಿಂದ ಅನ್ನ ಸೇರಿಲ್ಲ ನಂಗೆ. ನಮ್ ಯಜಮಾನ್ರು ನಿಮ್ಗೋಸ್ಕರ ಅತ್ರು, ನಾನು ಅವಳ್ಗೋಸ್ಕರ ಅತ್ತೆ."

ಸುಧಾಕರ್ ಮೆಟ್ಟಿಲ ಮೇಲಿದ್ದ ಅವಳ ಕಡೆ ತಿರುಗಿ ಕೂತರು. ಆಮೇಲೆ ಮೆಲ್ಲಗೆ, "ನನಗೆ ಎದೆಯ ಆಪರೇಷನ್ ಆಯಿತಮ್ಮ. ಆಮೇಲೆ ಬರೆಯಲು ಕೂತಾಗಲೆಲ್ಲ ಅವಳು ಸಾಯುವುದೊಂದೇ ತೋಚುತ್ತಿತ್ತು. ಅದಕ್ಕೇ ಬಿಟ್ಟುಬಿಟ್ಟೆ" ಎಂದರು.

"ಅದ್ಯಾಕ್ ಸಾಯ್ಬೇಕು? ನೀವೇ ಸಾಯ್ದೆ ಕುಂತಿದ್ದೀರಿ. ಮೊದ್ಲು ಕಾಫಿ ಕುಡೀರಿ."

ಅವರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಸೋಮಶೇಖರ್ ಕೂಡ ನಗಲೋ ಬೇಡವೋ ಎಂದು ನೋಡಿ ನಕ್ಕರು. ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಗುರುಮಲ್ಲಯ್ಯ ಮಾತ್ರ ಆಗಲೂ ಅತ್ತ.

ಊದುಬತ್ತಿ ನಂದಿಸಿ, ಬ್ಲೇಡಿನಿಂದ ಕೊನೆಯ ಸಾಲನ್ನು ಕೆರೆದು, ವಿಭೂತಿ ಒರೆಸಿ, ಗಾಜಿಗೆ ಬಾಯಿಂದ ಆವಿ ಊದಿ ಉಜ್ಜಿದ. ಗಂಧದ ಹಾರವನ್ನು ಮಾತ್ರ ಎಲ್ಲಿ ಬಚ್ಚಿಡುವುದೋ ತಿಳಿಯದೆ ಹಿಡಿದು ನಿಂತ.

"ಅದ್ಯಾಕ್ ಅಂಗ್ ನಿಂತಿದ್ದೀರಿ?" ಎಂದಳು ಚಿಕ್ಕಮಲ್ಲಮ್ಮ. "ಸನ್ಮಾನಕ್ಕೂ ಅದೇ ಆರ ಅಲ್ವಾ? ಅವ್ರ ಕೊರಳ್ಗೆ ಆಕಿ."

ಸುಧಾಕರ್ ಎದ್ದು ನಿಂತು ತಲೆ ಬಗ್ಗಿಸಿದರು. ಗುರುಮಲ್ಲಯ್ಯ ಹಾರ ಹಾಕಿದ. ಅದನ್ನು ಹಾಕಿಕೊಂಡೇ ಅವರು ಕಾಲೇಜಿಗೆ ಹೋದರು.

ಈಗ ಯಾರೇ ಫೋಟೋ ತಂದರೂ ಗುರುಮಲ್ಲಯ್ಯ ಮೊದಲು "ಬದುಕವ್ರೆ ತಾನೆ?" ಎಂದು ಕೇಳಿಯೇ ಕೈಗೆ ತೆಗೆದುಕೊಳ್ಳುತ್ತಾನೆ. ಮಗುವಿನ ನಾಮಕರಣದ ಫೋಟೋ ತಂದವರು ರೇಗಿ ಎದ್ದುಹೋದದ್ದೂ ಉಂಟು.

ಧಾರಾವಾಹಿ ಮತ್ತೆ ಶುರುವಾಗಿ ಮುಂಗಾರಿನ ಹೊತ್ತಿಗೆ ಮುಗಿಯಿತು. ಕೊನೆಯ ಕಂತು ಬರುವ ಗುರುವಾರ, ನನಗೆ ಇಂಥ ಕಥೆಗಳಲ್ಲಿ ಆಸಕ್ತಿಯಿಲ್ಲದಿದ್ದರೂ, ಪತ್ರಿಕೆಗಿಂತ ಮುಂಚೆ ನಾನು ಬೆಂಚಿನ ಮೇಲಿದ್ದೆ. ಗುರುಮಲ್ಲಯ್ಯ ನಿಂತುಕೊಂಡೇ ಓದಿದ. ಸಿಂಧು ಬೆಳಗಿನ ಬಸ್ಸಿನಿಂದ ಚಂದಕವಾಡಿಯಲ್ಲಿ ಇಳಿದು, ಅವ್ವಾ ಎಂದು ಕೂಗುತ್ತಾ ಮನೆಯ ಬಾಗಿಲು ತಳ್ಳಿದಳು.

"ಬಂದ್ಲಲ್ಲ, ಸಾಕು ಬುಡಿ" ಎಂದು ಚಿಕ್ಕಮಲ್ಲಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು.

ಅಷ್ಟು ಇಂಧನದಲ್ಲಿ ಶನಿಗ್ರಹದಿಂದ ಚಂದಕವಾಡಿಯವರೆಗೆ ಬರಲು ಆಗುವುದಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.