ತೊಳೆದ ಬದನೆಕಾಯಿ

ಸಿರುಗುಪ್ಪ ಬಸ್ ನಿಲ್ದಾಣದ ಹಿಂದಿನ ಈ ಖಾನಾವಳಿಯನ್ನು ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ನಾನು ಬಂದಾಗ ಊಟದ ಹೊತ್ತು ಮೀರಿತ್ತು. ಎಣ್ಣೆಗಾಯಿಯ ಮೊದಲ ತುತ್ತಿಗೇ ಮೈಸೂರಿನ ನನ್ನ ನಾಲಿಗೆ ಸೋತಿತು.

"ಖಾರ ಇಲ್ಲದ್ದು ಏನಾದರೂ ಇದೆಯೇನಮ್ಮಾ?"

ಆಕೆ ಒಳಗಿನಿಂದ ಪುಟ್ಟ ಬೋಗುಣಿ ತಂದು, ಬರೀ ಶೇಂಗಾ ಪುಡಿ ತುಂಬಿದ ಬದನೆಕಾಯಿ ಬಡಿಸಿದರು. ಎಷ್ಟು ರುಚಿ! ಬೋಗುಣಿ ಬರಿದಾದ ಮೇಲೆ ಗಲ್ಲಾದಲ್ಲಿದ್ದ ಗಂಡ ನಕ್ಕರು.

"ನನ್ನ ಪಾಲು ಉಂಡ್ರಿ ಸರ. ಹೊಟ್ಟಿ ಹುಣ್ಣು ಅಂತ ಮಸಾಲಿಗೆ ಖಾರ ಹಾಕೋಕ ಮೊದ್ಲ ನಂದು ತಗದಿಡ್ತಾಳ."

ನನಗೆ ನಾಚಿಕೆಯಾಯಿತು. ಅವರ ಮುಖದಲ್ಲಿ ಮಾತ್ರ ಹಬ್ಬ. "ಇವತ್ತ ನನಗೂ ಎಲ್ಲಾರು ಉಣ್ಣೋದ ಹಾಕು" ಎಂದರು ಹೆಂಡತಿಗೆ.

ಆಕೆ ಖಾರದ ಬದನೆಕಾಯಿಯೊಂದನ್ನು ಬಟ್ಟಲಿನ ಬಿಸಿನೀರಿನಲ್ಲಿ, ಕೂಸಿಗೆ ನೀರೆರೆಯುವ ಹಾಗೆ ಮೆಲ್ಲಗೆ ತೊಳೆದರು. ಮೇಲೆ ಮೊಸರು ಹಾಕಿ, ಗಂಡನ ತಟ್ಟೆಗಿಟ್ಟು ಒಳಗೆ ಹೋದರು. ಕೆಂಪಗಾದ ನೀರಿನ ಬಟ್ಟಲು ತಟ್ಟೆಯ ಪಕ್ಕದಲ್ಲೇ ಉಳಿಯಿತು.

ಗಂಡ ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟರು. ರೊಟ್ಟಿಯ ಚೂರೊಂದನ್ನು ಆ ನೀರಿಗೆ ಅದ್ದಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಇನ್ನೊಂದು ಚೂರು. ಮತ್ತೆ ರೊಟ್ಟಿ ಮುರಿಯುವಷ್ಟರಲ್ಲಿ ಒಳಗಿನಿಂದ ದನಿ ಬಂತು.

"ಅಷ್ಟ ಸಾಕ್ರಿ. ಬಟ್ಟಲ ಇತ್ತಾಗ ಕೊಡ್ರಿ."