ನಾನು ಹತ್ತದ ಹಡಗು

ಇಂಥ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ನಾನು ನಡುವೆಯೇ ಬಾಯಿ ಹಾಕಿ ಕೆಡಿಸುವವನು. ಯಾವುದೋ ಸ್ವಾಮಿಗಳು ಒಂದೇ ಹೊತ್ತಿಗೆ ಎರಡು ಊರಲ್ಲಿ ಕಾಣಿಸಿಕೊಂಡರಂತೆ ಎಂದರೆ, ಎರಡೂ ಊರಲ್ಲಿ ಊಟ ಮಾಡಿದರೋ ಎಂದು ಕೇಳಿ ಹೇಳುವವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಈಗಲೂ ಅಂಥದ್ದರಲ್ಲಿ ನನಗೆ ನಂಬಿಕೆ ಬಂದಿದೆ ಎಂದು ಹೇಳಲಾರೆ. ಆದರೆ ನನ್ನದೇ ಒಂದು ಅನುಭವವಿದೆ. ಅದನ್ನು ಇಷ್ಟು ವರ್ಷ ಬಾಯಿ ಬಿಡದೆ ಇಟ್ಟುಕೊಂಡದ್ದು ಜನ ನಕ್ಕಾರೆಂದಲ್ಲ. ಅದನ್ನು ಹೇಳಬೇಕಾದರೆ ಮೊದಲು ನನ್ನ ಹೇಡಿತನವನ್ನೂ ಆಮೇಲೆ ನನ್ನ ಸುಳ್ಳನ್ನೂ ನಿಮ್ಮೆದುರು ಬಿಚ್ಚಿಡಬೇಕು. ಅದಕ್ಕೆ ನಾಚಿಕೆ.

ನಮ್ಮದು ನಾರಾಯಣಪೇಟೆ, ಮನೆಯಲ್ಲಿ ಎರಡು ಮಗ್ಗ. ರಜಾಕಾರರ ಗಲಾಟೆ ಜೋರಾಗಿದ್ದ ದಿನಗಳಲ್ಲಿ ನನಗೆ ಇಪ್ಪತ್ತೆರಡು ವಯಸ್ಸು. ನಿಜಾಮರ ಗಡಿ ದಾಟಿ, ಅವರ ವಿರುದ್ಧ ಹೋರಾಡುವವರ ಶಿಬಿರ ಸೇರುವುದೆಂದು ಗೆಳೆಯ ಭೀಮಣ್ಣನೂ ನಾನೂ ಗಟ್ಟಿಯಾಗಿ ಮಾತಾಡಿಕೊಂಡಿದ್ದೆವು. ಗುರುವಾರ ಬೆಳಗ್ಗೆ ನಾರಾಯಣಪೇಟೆ ರೋಡ್ ಸ್ಟೇಷನ್ನಿನ ಹಿಂದಿನ ಬೇವಿನ ಮರದ ಕೆಳಗೆ ಸೇರಬೇಕಾಗಿತ್ತು. ನಾನು ಬುಧವಾರವೇ ಅದೇ ಸ್ಟೇಷನ್ನಿಗೆ ಹೋಗಿ ಮುಂಬಯಿಯ ರೈಲು ಹತ್ತಿದೆ. ಸಾಯುವುದಕ್ಕೆ ಹೆದರಿಕೆಯಾಗಿತ್ತು, ಅಷ್ಟೆ. ಮುಂಬಯಿಯಲ್ಲಿ ಬಂದರಿನ ಹತ್ತಿರದ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ ಉಳಿದೆ. ಹಡಗಿನ ಖಲಾಸಿಗಳು ಅಲ್ಲಿ ಊಟಕ್ಕೆ ಬರುತ್ತಿದ್ದರು. ಅವರು ಗಂಟೆಗಟ್ಟಲೆ ಕೂತು ಹಡಗಿನ ಕಥೆ ಹೇಳುತ್ತಿದ್ದರು, ನಾನು ಎಂಜಲು ತಟ್ಟೆ ಎತ್ತುತ್ತ ಕೇಳಿಸಿಕೊಳ್ಳುತ್ತಿದ್ದೆ.

ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಮುಗಿದು ಊರು ತಣ್ಣಗಾದ ಮೇಲೆ ಹಿಂತಿರುಗಿದೆ. ಭೀಮಣ್ಣ ಶಿಬಿರದಿಂದ ಒಂದು ಕಾಲು ಕುಂಟಾಗಿ ಬಂದಿದ್ದ. ಊರ ಅಗಸೆಬಾಗಿಲ ಕಟ್ಟೆಯ ಮೇಲೆ ಹತ್ತು ಜನರ ನಡುವೆ ಕೂತು ಅವನು ಸಿಟ್ಟಿಲ್ಲದೆ ಕೇಳಿದ, "ಎಲ್ಲಿದ್ದೆಪಾ ಇಷ್ಟು ದಿನ?"

ಯಾವ ಶಿಬಿರದ ಹೆಸರು ಹೇಳಿದರೂ ಸುಳ್ಳೆಂದು ಅವನಿಗೆ ಗೊತ್ತಾಗಿಬಿಡುತ್ತಿತ್ತು. ಸಮುದ್ರ ನೋಡಿದವರು ಮಾತ್ರ ನಮ್ಮೂರಲ್ಲಿ ಯಾರೂ ಇರಲಿಲ್ಲ. "ಜಹಾಜದಾಗ ಕೆಲಸಕ್ಕಿದ್ನಿ. ನನ್ನ ಹಿಡಕೊಂಡು ಹೋಗಿ ಹತ್ತಿಸಿಬಿಟ್ರು" ಎಂದೆ. ಭೀಮಣ್ಣ ನನ್ನ ಮುಖ ನೋಡಿ, "ಹೌದಾ" ಎಂದು ಬೀಡಿ ಹೊತ್ತಿಸಿದ.

ಅಂದಿನಿಂದ ನಾನು ಊರಿಗೆಲ್ಲ 'ಜಹಾಜಿನವ'ನಾದೆ. ಕೃಷ್ಣೆಯನ್ನು ಬಿಟ್ಟು ಬೇರೆ ನೀರು ನೋಡದ ಜನ ನನ್ನಿಂದ ಹಡಗಿನ ಪ್ರಯಾಣದ ಗುಟ್ಟು ಕೇಳಿ ತಿಳಿದುಕೊಂಡರು. ನಾನೂ ಬಿಗುಮಾನದಿಂದ ಹೇಳುತ್ತಿದ್ದೆ. ಹಡಗು ಹತ್ತಿದ ಕೂಡಲೇ ಸಾಮಾನು ಇಟ್ಟು ಬೆರಗಾಗಿ ನಿಲ್ಲಬಾರದು, ಮೊದಲು ಚಾಪೆ ಬಿಚ್ಚಿ ಜಾಗ ಹಿಡಿಯಬೇಕು. ಅಡಿಗೆಮನೆಯ ಹೊಗೆ ಬರುವ ಕಡೆ ಹಾಸಬಾರದು, ಪಾಯಖಾನೆಯ ಗಾಳಿ ಬೀಸುವ ಕಡೆಯಂತೂ ಬೇಡವೇ ಬೇಡ. ಕಪ್ತಾನನಿಗೆ ಸಲಾಂ ಹೊಡೆಯದಿದ್ದರೂ ನಡೆದೀತು, ಅಡಿಗೆಯವನನ್ನು ಮಾತ್ರ ಮೊದಲ ದಿನವೇ ಗೆಳೆಯನನ್ನಾಗಿ ಮಾಡಿಕೊಳ್ಳಬೇಕು. ಒಂದು ಪೊಟ್ಟಣ ಶೇಂಗಾ ಚಟ್ನಿಪುಡಿ ಕೊಟ್ಟರೆ ಹಾಜಿಗಳು ಇಳಿಯುವ ಜೆಡ್ಡಾ ಮುಟ್ಟುವವರೆಗೆ ಬಿಸಿನೀರಿಗೆ ಕೊರತೆಯಿಲ್ಲ. ಸಿಹಿನೀರಿನ ನಲ್ಲಿಗೆ ಬೆಳಕು ಹರಿಯುವ ಮುಂಚೆ ಹೋಗಬೇಕು. ಉಪ್ಪುನೀರಿಗೆ ಸಾಬೂನು ನೊರೆ ಬಿಡುವುದಿಲ್ಲ, ತಿಕ್ಕಿ ತಿಕ್ಕಿ ಕೈ ನೋಯಿಸಿಕೊಳ್ಳಬಾರದು. ಹೊಟ್ಟೆ ತೊಳಸಿದಾಗ ಬುಡದ ನೀರು ನೋಡದೆ ದೂರದ ಗೆರೆ ನೋಡಬೇಕು. ಮಕ್ತಲ್ ಕಛೇರಿಯ ಪೇಶ್ಕಾರರು ಮಂತ್ರಾಲಯಕ್ಕಿಂತ ಆಚೆ ಹೋದವರಲ್ಲ. ಅವರೂ ಇದನ್ನೆಲ್ಲ ಎರಡೆರಡು ಸಲ ಹೇಳಿಸಿಕೊಂಡು ತಲೆದೂಗುತ್ತಿದ್ದರು. ಇದರಲ್ಲಿ ಒಂದು ಮಾತೂ ನಾನು ಕಟ್ಟಿದ್ದಲ್ಲ, ಎಲ್ಲ ಖಲಾಸಿಗಳದೇ. ಹಾಗಾಗಿ ನನ್ನ ಸುಳ್ಳು ಯಾರಿಗೂ ಕೆಡುಕು ಮಾಡುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಹೀಗಿರುವಾಗ ಖಾಸಿಂ ಚಾಚಾ ಬಂದ. ಮಕ್ತಲಿನಲ್ಲಿ ನೂಲಿಗೆ ಬಣ್ಣ ಹಾಕುವ ಮುದುಕ. ನಮ್ಮ ಮನೆಯ ಸೀರೆಗಳ ಕೆಂಪೆಲ್ಲ ಅವನ ಕೈಯದೇ. ನನ್ನನ್ನು ಎತ್ತಿ ಆಡಿಸಿದವನು. ಆಕ್ಷನ್ನಿನ ನಂತರ ಅವನ ಓಣಿಯಲ್ಲಿ ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ ಕಾಲ. ಒಮ್ಮೆ ಹಜ್ ಮಾಡಿ ಬಂದರೆ ಸಾಕು, ಆಮೇಲೆ ಕಣ್ಣು ಮುಚ್ಚಿದರೂ ಚಿಂತೆಯಿಲ್ಲ ಎಂದು ಅವನೂ ಅವನ ಹೆಂಡತಿ ಚಾಚಿಯೂ ನಿಶ್ಚಯಿಸಿದ್ದರು. ಅವನಿಗೆ ಮೊದಲಿನಿಂದಲೂ ದಮ್ಮಿನ ಕಾಯಿಲೆ, ಬಣ್ಣದ ಒಲೆಯ ಹೊಗೆ ಕುಡಿದು ಕುಡಿದು ಹತ್ತಿದ್ದು.

"ನಮ್ಮ ಮನೀ ಹುಡುಗನೇ ಜಹಾಜದಾಗ ಇದ್ದು ಬಂದಾನ, ಬ್ಯಾರೇರ್ನ ಯಾಕ ಕೇಳ್ಲಿ? ಹೇಳು ಬೇಟಾ" ಎಂದು ನಮ್ಮ ಪಡಸಾಲೆಯಲ್ಲಿ ಕೂತ.

ಹೇಳಿದೆ. ಹೇಳುವ ಹುರುಪಿನಲ್ಲಿ, ತೂಗಾಟ ರೂಢಿಯಾಗಲಿ, ಪುಟ್ಟಿಯಲ್ಲಿ ಕೂತು ಕೃಷ್ಣೆ ದಾಟಿ ಗದ್ವಾಲಕ್ಕೆ ಹೋಗಿ ಬರ್ರಿ ಎಂದೂ ಸೇರಿಸಿದೆ. ಆ ಬುಟ್ಟಿಯಂಥ ದೋಣಿ ಬೇಸಿಗೆಯ ನೀರಿನಲ್ಲೂ ಗಿರಗಿರ ತಿರುಗುತ್ತದೆ. ಪಾಪ, ಮುದುಕ ಮೂರು ಸಲ ದಾಟಿದ. ಗದ್ವಾಲದಲ್ಲಿದ್ದ ಮಗಳು, ಅಪ್ಪ ವಾರಕ್ಕೊಮ್ಮೆ ಯಾಕೆ ಬರುತ್ತಾನೆಂದು ತಿಳಿಯದೆ ಗಾಬರಿಯಾದಳಂತೆ. ಮೂರನೆಯ ಸಲ ಮರಳಿನ ಮೇಲೆ ಮಲಗಿಬಿಟ್ಟನಂತೆ. ಮತ್ತೆ ನನ್ನ ಹತ್ತಿರ ಬಂದು ಸಂಕೋಚದಿಂದ ಕೇಳಿದ, "ಪುಟ್ಟಿಯಾಗs ನನಗ ಚಕ್ಕರ್ ಬರ್ತೈತಿ. ಜಹಾಜದಾಗ ತೂಗಾಡೋದು ಕಮ್ಮಿ ಇರೋ ಜಾಗ ಯಾವ್ದೈತಿ ಬೇಟಾ?"

"ಕೆಳಗ ಇಳೀರಿ ಚಾಚಾ. ಎಲ್ಲಾಕಿಂತ ಕೆಳಗ, ನಟ್ಟನಡುವ. ಅಲ್ಲಿ ತೊಟ್ಟಿಲದಷ್ಟೂ ತೂಗಂಗಿಲ್ಲ. ಯಾರು ಏನಂದ್ರೂ ಆ ಜಾಗ ಬಿಡಬ್ಯಾಡ್ರಿ" ಎಂದೆ.

ಇದೂ ಖಲಾಸಿಗಳಿಂದ ಕೇಳಿದ ಮಾತೇ. ಆದರೆ ಅರ್ಧ ಮಾತು. ಉಳಿದರ್ಧ ನನಗೆ ನೆನಪಾದದ್ದು ಅವರು ಹೊರಡುವ ಹಿಂದಿನ ದಿನ, ತಟ್ಟೆಯಲ್ಲಿ ಕೈ ತೊಳೆಯುವಾಗ. ಒಬ್ಬ ಖಲಾಸಿ ಹೇಳಿದ್ದ: ಕೆಂಪು ಸಮುದ್ರ ಮುಟ್ಟಿದ ಮೇಲೆ ಕೆಳಗಿನ ಅಂತಸ್ತು ಕುಲುಮೆಯಾಗುತ್ತದೆ, ಗಾಳಿಯಾಡುವುದಿಲ್ಲ, ಮುದುಕರನ್ನು ಅಲ್ಲಿ ಬಿಡಬಾರದು, ಬಿಟ್ಟರೆ ಉಸಿರು ಕಟ್ಟಿ ಹೋಗುತ್ತಾರೆ.

ಮರುದಿನ ಹೇಳಿಬಿಡಬೇಕೆಂದೇ ಮಕ್ತಲಿಗೆ ಹೋದೆ. ರಾಯಚೂರಿನ ಬಸ್ಸಿನ ಸುತ್ತ ಜನ ನೆರೆದಿತ್ತು. ಚಾಚಾನ ಕೊರಳಲ್ಲಿ ಹೂವಿನ ಹಾರ, ತೋಳಿಗೆ ಕಟ್ಟಿದ ಹಸಿರು ಬಟ್ಟೆ. ಪೇಶ್ಕಾರರು ನನ್ನನ್ನು ಕಂಡು ಎಲ್ಲರಿಗೂ ಕೇಳುವಂತೆ, "ಬಂದ ನೋಡ್ರಿ ಜಹಾಜಿನವ. ಇನ್ನೇನರ ಕೇಳೋದು ಉಳಿದಿದ್ರ ಕೇಳ್ರಿ" ಎಂದರು.

"ಎಲ್ಲಾ ಹೇಳ್ಯಾನ್ರಿ. ನಾ ಯಾದ್ ಇಟ್ಟೀನಿ" ಎಂದು ಚಾಚಾ ನನ್ನ ಭುಜದ ಮೇಲೆ ಕೈಯಿಟ್ಟ. ಗುಂಪಿನ ಅಂಚಿನಲ್ಲಿ ಭೀಮಣ್ಣ ನಿಂತಿದ್ದ. ನಾನು ಮೊನ್ನೆ ಹೇಳಿದ್ದು ತಪ್ಪು ಎಂದರೆ, ಹಡಗಿನಲ್ಲಿ ಇದ್ದವನಿಗೆ ಇದು ಹೇಗೆ ಮರೆಯಿತು ಎಂದು ಅವನು ಕೇಳಿಯೇ ಕೇಳುತ್ತಾನೆ ಎನಿಸಿತು. ಒಂದೇ ಒಂದು ವಾಕ್ಯ, ಬಾಯಿಯವರೆಗೆ ಬಂದದ್ದು. ಬಸ್ಸು ಹೊರಟಿತು. ನಾನು ಎಲ್ಲರ ಜೊತೆ ಕೈ ಬೀಸಿದೆ.

ಆಮೇಲಿನ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ. ಇವತ್ತು ಹಡಗು ಬಿಟ್ಟಿರಬೇಕು, ಇವತ್ತು ಇಷ್ಟು ದೂರ ಹೋಗಿರಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ನನ್ನ ಲೆಕ್ಕದಲ್ಲಿ ಅವರು ಕೆಂಪು ಸಮುದ್ರ ಮುಟ್ಟಿರಬೇಕಾದ ಒಂದು ಮಧ್ಯಾಹ್ನ, ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಕೈಯಲ್ಲಿ ಹಿಡಿದಿದ್ದೆ. ಅವ್ವ ಬಂದು ಭುಜ ಅಲುಗಾಡಿಸಿದಾಗ ಬಿಸಿಲು ಹಿತ್ತಲಿಗೆ ಸರಿದಿತ್ತು. "ನಾಕು ಸಲ ಕರದೆ. ಕಣ್ಣು ಬಿಟ್ಕೊಂಡs ಕುಂತೀಯಲ್ಲೋ" ಎಂದಳು. ಅಷ್ಟು ಹೊತ್ತು ನಾನು ಏನು ಮಾಡುತ್ತಿದ್ದೆನೋ ನನಗೆ ತಿಳಿಯದು. ರಟ್ಟೆಗಳೆರಡೂ ಮೂಟೆ ಹೊತ್ತವನ ಹಾಗೆ ನೋಯುತ್ತಿದ್ದವು. ಇದಕ್ಕೆ ನಾನು ಆಗ ಯಾವ ಅರ್ಥವನ್ನೂ ಕೊಡಲಿಲ್ಲ. ಊಟ ಬಿಟ್ಟ ನಿಶ್ಶಕ್ತಿ ಎಂದುಕೊಂಡೆ, ಈಗಲೂ ಹಾಗೆಯೇ ಇದ್ದೀತು.

ಮೂರು ತಿಂಗಳಾದ ಮೇಲೆ ಹಾಜಿಗಳು ಬಂದರೆಂದು ಸುದ್ದಿ ಬಂತು. ಇಬ್ಬರೂ ಬಂದರೋ ಒಬ್ಬರೋ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಹೋಗಿಯೇ ನೋಡೋಣವೆಂದು ಮಕ್ತಲಿಗೆ ಹೊರಟೆ. ಚಾಚಾ ಅಂಗಳದ ಮಂಚದ ಮೇಲೆ ಕೂತಿದ್ದ. ಸೊರಗಿದ್ದ, ಆದರೆ ಇದ್ದ.

ಚಾಚಿ ಖರ್ಜೂರದ ತಟ್ಟೆ ಹಿಡಿದು ಬಂದವಳು ನನ್ನ ತಲೆ ಸವರಿ ಅತ್ತಳು. "ನೀ ಬರದಿದ್ರ ಇವರು ಇವತ್ತು ಇರ್ತಿರಲಿಲ್ಲ. ಒಬ್ನs ಪೆಟ್ಟಿಗಿ ಎತ್ತಿದಿ, ಇವರ್ನ ಬೆನ್ನ ಮ್ಯಾಲೆ ಹಾಕ್ಕೊಂಡು ಮ್ಯಾಲೆ ತಂದಿ" ಎಂದಳು.

ನನಗೆ ಅರ್ಥವಾಗಲಿಲ್ಲ. "ಯಾರು ಚಾಚಿ?" ಎಂದೆ.

"ಯಾರು ಅಂದ್ರ? ನೀನs. ಜಹಾಜದಾಗ." ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು, ಮುಸ್ಸಂಜೆಯಲ್ಲೂ ಸೂಜಿಗೆ ದಾರ ಹಾಕುವವಳು. ನಾನು ಊರು ಬಿಟ್ಟಿಲ್ಲ, ಬೇಕಾದರೆ ಅವ್ವನನ್ನು ಕೇಳ್ರಿ ಎಂದೆ. ಅವಳು ತುಂಟ ಹುಡುಗನನ್ನು ನೋಡುವ ಹಾಗೆ ನೋಡಿ ನಕ್ಕು, ಶರಬತ್ತು ತರಲು ಒಳಗೆ ಹೋದಳು.

ಆಗ ಚಾಚಾ ನನ್ನನ್ನು ಹತ್ತಿರ ಕೂರಿಸಿಕೊಂಡು ದನಿ ತಗ್ಗಿಸಿದ. "ಆಕಿಗೆ ಉಳಿದದ್ದು ಹೇಳಿಲ್ಲ, ಹೆದರಬ್ಯಾಡ. ಕೆಳಗ ನನ್ನ ದಮ್ಮು ಕಟ್ಟಿತ್ತು. ಜನ ಮ್ಯಾಲೆ ಹೋಗ್ರಿ ಅಂದ್ರು, ಬೇಟಾ ಬಿಡಬ್ಯಾಡ ಅಂದಾನ ಅಂತ ನಾನs ಬಿಟ್ಟಿರಲಿಲ್ಲ. ನೀ ಬಂದು ಎತ್ಕೊಂಡು ಹೋಗಿ ಮ್ಯಾಲೆ ಗಾಳಿಗೆ ಮಲಗಿಸಿದಿ. ಆಮ್ಯಾಲೆ ಕಾಲು ಹಿಡಕೊಂಡು ಎಲ್ಲಾ ಹೇಳಿದಿ. ನಾ ಜಹಾಜ ಹತ್ತೇ ಇಲ್ಲ ಚಾಚಾ, ಮುಂಬಯಿದಾಗ ತಾಟು ತೊಳಿತಿದ್ನಿ ಅಂದಿ. ಜಹಾಜದಾಗ ನಿಂತು ಜಹಾಜ ಹತ್ತಿಲ್ಲ ಅಂತೀಯಲ್ಲೋ ಅಂತ ನನಗ ಆ ಹೊತ್ತಿನ್ಯಾಗೂ ನಗು ಬಂತು. ಭೀಮಣ್ಣ ಬೇವಿನ ಗಿಡದ ಕೆಳಗ ಕಾಯ್ಕೊಂತ ಕುಂತಿದ್ದ, ನಾ ಹಿಂದಿನ ದಿನಾನs ಓಡಿ ಹೋದೆ ಅಂದಿ. ಬಸ್ಸಿನ ಹತ್ರ ಹೇಳಾಕ ಬಂದಿದ್ನಿ, ಬಾಯಿ ಬರಲಿಲ್ಲ ಅಂತ ಅತ್ತಿ."

ಬುಧವಾರದ ರೈಲಿನ ವಿಷಯವನ್ನು ನಾನು ಹೆತ್ತ ತಾಯಿಗೂ ಹೇಳಿರಲಿಲ್ಲ. ಬಸ್ಸಿನ ಹತ್ತಿರ ಬಾಯಿಗೆ ಬಂದ ಮಾತು ನನ್ನೊಳಗೇ ಸತ್ತದ್ದು. "ಚಾಚಾ, ನಾನು..." ಎಂದು ತೊಡಗಿದೆ.

ಅವನು ಕೈ ಅಡ್ಡ ಹಿಡಿದ. "ಮತ್ತ ಯಾಕ ಹೇಳ್ತಿ? ಅವತ್ತs ಮಾಫ್ ಮಾಡೀನಿ. ನೀ ಹೆಂಗ ಬಂದಿ, ಹೆಂಗ ಹೋದಿ ಅಂತ ನಾ ಕೇಳಂಗಿಲ್ಲ. ತಾನಾಗಿ ಬಂದು ತಪ್ಪು ಒಪ್ಕೊಳ್ಳಾಕ ಗಟ್ಟಿ ಎದಿ ಬೇಕು ಬೇಟಾ. ನಿನಗ ಅದೈತಿ."

ನಾನು ಹೌದೆಂಬಂತೆ ತಲೆಯಾಡಿಸಿದೆ. ಚಾಚಿ ತಂದ ಶರಬತ್ತು ಕುಡಿದು ಮನೆಗೆ ಬಂದೆ.

ಇದನ್ನು ಬಗೆಹರಿಸಲು ನಾನು ಪ್ರಯತ್ನಪಡದೆ ಇರಲಿಲ್ಲ. ಆ ಹೋಟೆಲಿನಲ್ಲಿ ಯಾರೋ ಖಲಾಸಿಯ ಮುಂದೆ ಒಮ್ಮೆ ಬಾಯಿ ಬಿಟ್ಟಿದ್ದೆನೇನೋ ಎಂದು ಯೋಚಿಸಿದೆ. ಬಿಟ್ಟಿದ್ದರೂ ಮಕ್ತಲಿನ ಬಸ್ಸಿನ ಸಂಗತಿ ಅವನಿಗೆ ಹೇಗೆ ಗೊತ್ತಾಗಬೇಕು? ಉಸಿರು ಕಟ್ಟಿದ ಮುದುಕನ ಭ್ರಮೆ ಎನ್ನೋಣವೆಂದರೆ ಚಾಚಿಗೆ ಯಾವ ಕಾಯಿಲೆಯೂ ಇರಲಿಲ್ಲ, ಮತ್ತು ಅವನನ್ನು ಯಾರೋ ಎತ್ತಿ ಮೇಲೆ ತಂದದ್ದಂತೂ ನಿಜ. ಚಾಚಾ ಮತ್ತೆ ಏಳು ವರ್ಷ ಬದುಕಿದ. ನಾನು ಹೋದಾಗಲೆಲ್ಲ ಬಂದವರಿಗೆ ನನ್ನನ್ನು ತೋರಿಸಿ, ಇಂಥ ಪ್ರಾಮಾಣಿಕ ಹುಡುಗ ಈ ತಾಲ್ಲೂಕಿನಲ್ಲಿಲ್ಲ ಎನ್ನುತ್ತಿದ್ದ. ಭೀಮಣ್ಣ ಅವನಿಗಿಂತ ಮೊದಲೇ ತೀರಿಕೊಂಡ. ಅವನ ಹತ್ತಿರ ಹೋಗಿ ಹೇಳಲು ಕೊನೆಯವರೆಗೂ ನನಗೆ ಆಗಲಿಲ್ಲ, ನನ್ನ ಪರವಾಗಿ ಬೇರೆ ಯಾರೂ ಹೇಳಿದಂತಿಲ್ಲ.

ನಿಮಗೆ ಏನಾದರೂ ವಿವರಣೆ ಹೊಳೆದರೆ ಹೊಳೆಯಲಿ, ನಾನು ಕೈಚೆಲ್ಲಿದ್ದೇನೆ. ಆ ಹಡಗಿನಲ್ಲಿ ಮುದುಕನನ್ನು ಹೊತ್ತು ತಂದು ಅವನ ಕಾಲು ಹಿಡಿದು ಅತ್ತವನು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಅವನ ಹೆಸರಿಗೆ ಬಂದ ಕ್ಷಮೆಯನ್ನು ತನ್ನದೇ ಎಂಬಂತೆ ತಲೆಯಾಡಿಸಿ ತೆಗೆದುಕೊಂಡವನು ಮಾತ್ರ ನಾನೇ.